ಲಾಭವಿಲ್ಲದೆ ಸಾಮಾಜಿಕ ಜಾಲ ನಡೆದೀತೇ?



ಕಬ್ಬು ಕಡಿಯುವ ಸರದಿ, ಗೊಬ್ಬರ ಬಂದ ಸುದ್ದಿ ಎಲ್ಲಾ ನಾವೀಗ ಮೊಬೈಲ್ ಗುಂಪಿನಲ್ಲೇ ತಿಳಿಯುತ್ತೇವೆ. ಕಳೆದ ಹಂಗಾಮಿನಲ್ಲಿ ನಮ್ಮ ಗುಂಪು ಒಮ್ಮೆಲೇ ಬಂದಾಯಿತು. ಯಾರನ್ನ ಕೇಳೋದು? ಸೊಸಾಯಿಟಿಯಲ್ಲಾದರೆ ವಾರ್ಷಿಕ ಸಭೆಯಲ್ಲಿ ನಮ್ಮನ್ನು ನಿಲ್ಲಿಸಿ ಕೇಳುತ್ತೀರಿ. ಅಲ್ಲಿ ನಮಗೆ ಶೇರೂ ಇಲ್ಲ, ಮತವೂ ಇಲ್ಲ.

ಹಾಗಾದರೆ ಲಾಭವಿಲ್ಲದೆ ಜಾಲ ನಡೆಸಲು ಬರುತ್ತದೆಯೇ? ಬರುತ್ತದೆ, ಆದರೆ ಪುಕ್ಕಟೆ ಅಲ್ಲ. ಅಮೇರಿಕೆಯ ಸಿಗ್ನಲ್ ದೇಣಿಗೆಯ ಮೇಲೆ ನಡೆಯುವ ಲಾಭರಹಿತ ಸಂಸ್ಥೆ. ನೋಂದಣಿಯ ಸಂದೇಶಗಳಿಗೇ ವರ್ಷಕ್ಕೆ 60 ಲಕ್ಷ ಡಾಲರ್ ಖರ್ಚೆಂದು 2023ರಲ್ಲಿ ಲೆಕ್ಕ ಕೊಟ್ಟಿತು. ಸಣ್ಣದಾಗಿಯೂ ನಡೆಸಬಹುದು. 2017ರಲ್ಲಿ ಶುರುವಾದ ಸೋಶಿಯಲ್ ಕೋಆಪ್ ಎಂಬ ಸಹಕಾರಿ ಜಾಲ, ಬೆಲೆಯಿಲ್ಲದೆ ಸಿಗುವ ಮಾಸ್ಟೊಡಾನ್ ತಂತ್ರಾಂಶ ಬಳಸಿ, ಸದಸ್ಯರ ವಂತಿಗೆಯಿಂದ ನಡೆದಿದೆ.

ಯಂತ್ರದ ಬಾಡಿಗೆ, ನೋಡಿಕೊಳ್ಳುವ ಹುಡುಗನ ಪಗಾರ, ತಂಟೆ ಬಗೆಹರಿಸುವ ಪಂಚರು, ಮೂರೂ ಬೇಕು. ಒಂದೇ ಸಂಘಕ್ಕೆ ಇದು ಭಾರ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸಂಘಗಳು ಕೂಡಿದರೆ ಹಗುರ. ಬೀಗರೆಲ್ಲ ಹಳೇ ಜಾಲದಲ್ಲೇ ಇರುವಾಗ ಇಲ್ಲಿಗೆ ಯಾರು ಬಂದಾರು ಅನ್ನೋದು ದೊಡ್ಡ ತೊಡಕು. ಅದಕ್ಕೇ ಮೊದಲು ಸರದಿ, ಗೊಬ್ಬರದ ಸುದ್ದಿಯಷ್ಟೇ ಇಡೋಣ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದೂ ಒಂದೇ ಊರಿನಿಂದ.

ಬರುವ ಸಭೆಯಲ್ಲಿ ಇದನ್ನು ಚರ್ಚೆಗೆ ತರುತ್ತೇವೆ.