ಹಗೇವಿಗೆ ಇಳಿಯುವ ಮುನ್ನ



ಒಳ್ಳೆ ರೇಟು ಬರಲಿ ಅಂತ ರಾಗಿ, ಜೋಳವನ್ನು ಹಗೇವಿಗೆ ತುಂಬಿ ಕಾದವರು ನಮ್ಮ ಹಿರಿಯರು. ಈಗ ಹಗೇವು ಅಪರೂಪ. ಇದ್ದ ಕಡೆ ಅಪಾಯ ಮಾತ್ರ ಹಾಗೇ ಇದೆ. ಬಾಯಿಗೆ ಮಣ್ಣು ಮುಚ್ಚಿದ ಮೇಲೂ ಕಾಳು ಉಸಿರಾಡುತ್ತದೆ. ಒಳಗಿನ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹುಳ ಸಾಯುವುದು ಇದರಿಂದಲೇ. ಹುಳ ಕೊಲ್ಲುವ ಗಾಳಿ ಮನುಷ್ಯನನ್ನು ಬಿಟ್ಟೀತೇ?

ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಳದಲ್ಲೇ ಕೂತಿರುತ್ತದೆ. ಹೊರಗಿನ ಗಾಳಿಯಲ್ಲಿ ಇದು ನೂರಕ್ಕೆ 0.04 ಪಾಲು. 4 ಪಾಲಾದರೆ ಜೀವಕ್ಕೆ ಅಪಾಯ. 10 ದಾಟಿದರೆ ನಿಮಿಷಗಳಲ್ಲೇ ಪ್ರಜ್ಞೆ ತಪ್ಪುತ್ತದೆ.

ಹಿಂದಿನವರು ದೀಪ ಇಳಿಬಿಟ್ಟು ನೋಡುತ್ತಿದ್ದರು. ಆರಿದರೆ ಇಳಿಯಲೇಬೇಡಿ. ಉರಿದರೂ ಪೂರಾ ನಂಬಬೇಡಿ, ದೀಪ ಉರಿಯುವ ಗಾಳಿಯಲ್ಲೂ ಆಳು ಬೀಳಬಹುದು. (ಗೋಬರ್ ಗ್ಯಾಸ್ ಗುಂಡಿ ಹತ್ತಿರ ಮಾತ್ರ ದೀಪ ಒಯ್ಯಬೇಡಿ, ಆ ಗ್ಯಾಸು ಹೊತ್ತಿಕೊಳ್ಳುತ್ತದೆ.)

ಇಳಿಯೋದು ಯಾರು? ಕೂಲಿಯವನು. ವ್ಯಾಪಾರಿಯ ಲಾರಿ ನಿಂತಿದೆ, ಸಾಲದ ಕಂತು ತಲೆ ಮೇಲಿದೆ, 'ಬೇಗ ಇಳಿಯೋ' ಅಂತೀವಿ. ಲಾರಿ ನಾಳೆ ಬರಲಿ ಬಿಡಿ. ಬಾಯಿ ತೆರೆದಿಟ್ಟು, ಬ್ಲೋವರ್ ಹಚ್ಚಿ ತಳದ ತನಕ ಗಾಳಿ ಹಾಯಿಸಿ. ಇಳಿಯುವವನ ಕಂಕುಳಡಿ ಹಗ್ಗ ಇರಲಿ, ಮೇಲೆ ಇಬ್ಬರು ಹಿಡಿದಿರಲಿ. ಒಬ್ಬ ಬಿದ್ದ ಅಂತ ಇನ್ನೊಬ್ಬ ಧುಮುಕಬಾರದು, ಒಂದರ ಹಿಂದೆ ಒಂದು ಹೆಣ ಬೀಳೋದು ಹೀಗೇ. ಹಗ್ಗ ಹಿಡಿದು ಮೇಲಿನಿಂದಲೇ ಎಳೀರಿ.