ಗುಡ್ಡ ಏರುವ ವಿದ್ಯುತ್ ಸೈಕಲು: ಹೊಸದೋ, ಬಳಸಿದ್ದೋ?
(ವಾಚನಾಲಯದ ರವಿವಾರದ ಕೂಟದಲ್ಲಿ ಓದಿದ ಭಾಷಣ)



ಈಚೆಗೆ ವಾಚನಾಲಯಕ್ಕೆ ಪತ್ರಿಕೆ ಓದಲು ಬರುವವರು ಮೇಜಿನ ಬಳಿ ನಿಂತು ನಮ್ಮನ್ನು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. "ಬ್ಯಾಟರಿಯ ಸೈಕಲು ಕೊಳ್ಳಬೇಕೆಂದಿದ್ದೇವೆ, ಘಾಟ ಏರುವಂಥದು ಬೇಕು, ಹೊಸದು ತರೋಣವೋ, ಯಾರಾದರೂ ಬಳಸಿದ್ದು ಸಿಕ್ಕರೆ ಸಾಕೋ?" ಎಂದು. ಇದಕ್ಕೆ ಉತ್ತರ ಹೇಳಲು ನಾವು ಯಂತ್ರಶಾಸ್ತ್ರ ಬಲ್ಲವರಲ್ಲ. ಗಿರಣಿಯ ಹಾಜರಿ ಪಟ್ಟಿ ಬರೆಯುವ ಕಾರಕೂನರು; ಓದು ಮೆಟ್ರಿಕ್ಕಿಗೆ ಮುಗಿದಿದೆ. ಆದರೆ ಈ ವ್ಯವಹಾರದಲ್ಲಿ ಒಮ್ಮೆ ಕೈ ಸುಟ್ಟುಕೊಂಡವರು. ಆ ಅರ್ಹತೆಯೊಂದರಿಂದಲೇ ತಮ್ಮ ಮುಂದೆ ನಿಂತಿದ್ದೇವೆ.

ನಮ್ಮ ಸ್ಥಿತಿ ತಮಗೆ ಗೊತ್ತೇ ಇದೆ. ಖೋಲಿಗಳು ಕಾತ್ರಜದ ಈಚೆಗೆ, ಕೆಲಸ ಘಾಟದ ಆಚೆಗೆ. ಎರಡನೆಯ ಪಾಳಿ ಬಿಟ್ಟ ಮೇಲೆ ಬಸ್ಸು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಹಂಚಿಕೆಯ ರಿಕ್ಷಾ. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಮನೆಗೆ ಕಳಿಸಬೇಕಾದ ಹಣದಲ್ಲಿ ಒಂದು ಪಾಲು ರಿಕ್ಷಾದವನ ಜೇಬಿನಲ್ಲಿರುತ್ತದೆ. ಹೀಗಿರುವಾಗ ನಾವು ನಾಲ್ವರು ತಲೆಗೆ 4,500 ರೂಪಾಯಿಯಂತೆ ಕೂಡಿಸಿ, 18,000 ರೂಪಾಯಿಗೆ ಒಂದು ಬಳಸಿದ ವಿದ್ಯುತ್ ಸೈಕಲು ಕೊಂಡೆವು. ದಪ್ಪ ಟಾಯರು, ಮುಂದೆ ಸ್ಪ್ರಿಂಗಿನ ಫೋರ್ಕು, ಚೌಕಟ್ಟಿನ ಮೇಲೆ ಗುಡ್ಡದ ಚಿತ್ರ. ಪಾಳಿ ಬೇರೆ ಬೇರೆಯಾದ್ದರಿಂದ ಸರದಿಯಂತೆ ಉಪಯೋಗಿಸುವ ಯೋಜನೆ. ಮಾರಿದವನು ಸಪಾಟು ರಸ್ತೆಯಲ್ಲಿ ಹನ್ನೆರಡು ಕಿಲೋಮೀಟರು ಓಡಿಸಿ ತೋರಿಸಿದ, ಎಲ್ಲಿಯೂ ತಡೆಯಲಿಲ್ಲ. ನಾವೂ ಒಪ್ಪಿಬಿಟ್ಟೆವು.

ಮೊದಲ ದಿನವೇ ಹಳೆಯ ಘಾಟದ ಮೂರನೆಯ ತಿರುವಿನಲ್ಲಿ ಅದು ನಿಂತಿತು. ಹಿಡಿಕೆಯ ಮೇಲಿನ ದೀಪ ಆರಿತು. ಹತ್ತು ನಿಮಿಷ ಕುಳಿತು ಎದ್ದರೆ ಮತ್ತೆ ಹೊತ್ತಿಕೊಂಡಿತು, ಫರ್ಲಾಂಗು ಹೋಗಿ ಮತ್ತೆ ಆರಿತು. ಸತ್ತ ವಿದ್ಯುತ್ ಸೈಕಲನ್ನು ಏರಿನಲ್ಲಿ ನೂಕುವುದೆಂದರೆ ಏನೆಂಬುದನ್ನು ಅನುಭವಿಸಿದವರೇ ಬಲ್ಲರು. ಸಾದಾ ಸೈಕಲಿಗಿಂತ ಏಳೆಂಟು ಕಿಲೋ ಹೆಚ್ಚು ಭಾರ. ರಿಪೇರಿಯವನು ಬ್ಯಾಟರಿಯ ಪೆಟ್ಟಿಗೆ ಬಿಚ್ಚಿದಾಗ ಒಳಗಿನ ಕೋಶಗಳು ಮೂರು ಬಣ್ಣದವು ಇದ್ದವು. ಯಾರೋ ಎಲ್ಲಿಂದಲೋ ತೆಗೆದ ಹಳೆಯ ಕೋಶಗಳನ್ನು ತುಂಬಿ ಮುಚ್ಚಿದ್ದರು.

ಸಪಾಟಿನಲ್ಲಿ ಓಡಿದ ಬ್ಯಾಟರಿ ಏರಿನಲ್ಲಿ ಏಕೆ ಸತ್ತಿತು? ಇದನ್ನು ತಿಳಿಯಲು ನಮಗೆ ಒಂದು ತಿಂಗಳು ಹಿಡಿಯಿತು. ಸಪಾಟಿನಲ್ಲಿ ಮೋಟರು ಎಳೆಯುವ ವಿದ್ಯುತ್ತು ಅಲ್ಪ. ಏರಿನಲ್ಲಿ ಒಮ್ಮೆಗೇ ಬಹಳ ಎಳೆಯುತ್ತದೆ. ಆಗ ಮುಪ್ಪಾದ ಕೋಶದ ಒತ್ತಡ, ಅಂದರೆ ವೋಲ್ಟೇಜು, ಕುಸಿಯುತ್ತದೆ. ಕುಸಿದರೆ ರಕ್ಷಣೆಗೆಂದು ಒಳಗಿಟ್ಟ ಸರ್ಕಿಟು ಸಂಪರ್ಕವನ್ನು ಕಡಿದುಬಿಡುತ್ತದೆ. ಸ್ವಲ್ಪ ವಿಶ್ರಾಂತಿ ಕೊಟ್ಟರೆ ವೋಲ್ಟೇಜು ಏರಿ ದೀಪ ಹೊತ್ತುತ್ತದೆ. ಆದ್ದರಿಂದ ಬಳಸಿದ ಸೈಕಲನ್ನು ಸಪಾಟಿನಲ್ಲಿ ಪರೀಕ್ಷಿಸಿದರೆ ಪರೀಕ್ಷಿಸಿದಂತೆಯೇ ಅಲ್ಲ. ಮಾರುವವನು ಏರಿಗೆ ಬರಲು ಒಪ್ಪದಿದ್ದರೆ ಅವನಿಗೆ ನಮಸ್ಕಾರ ಹೇಳಿ ಹಿಂತಿರುಗಿರಿ.

ಎರಡನೆಯ ಪೆಟ್ಟು ಇದಕ್ಕಿಂತ ದೊಡ್ಡದು. ಅದನ್ನು ಹೇಳಲು ಆ ಗೆಳೆಯರ ಅಪ್ಪಣೆ ಪಡೆದಿದ್ದೇವೆ. ಅವರು ಇಲ್ಲಿಯೇ ಹಿಂದಿನ ಬೆಂಚಿನಲ್ಲಿದ್ದಾರೆ. ಬ್ಯಾಟರಿಯ ಚಿಂತೆಯಲ್ಲಿ ನಾವು ಬ್ರೇಕನ್ನು ನೋಡಲೇ ಇಲ್ಲ. ಒಂದು ರಾತ್ರಿ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಪ್ಯಾಡು ಸವೆದು ತಗಡು ಮಾತ್ರ ಉಳಿದಿತ್ತು. ಗೆಳೆಯರು ಬುದ್ಧಿವಂತಿಕೆಯಿಂದ ಕಣಿವೆಯ ಕಡೆಗೆ ಹೋಗದೆ ಗುಡ್ಡದ ಕಡೆಯ ಮಣ್ಣಿಗೆ ಸೈಕಲು ಹೊಡೆದರು. ಮಣಿಕಟ್ಟು ಮುರಿಯಿತು. ಅವರು ಬದಲಿ ಕಾಮಗಾರರು. ಆರು ವಾರ ಕೆಲಸವಿಲ್ಲ, ಕೂಲಿಯೂ ಇಲ್ಲ. ಆ ಆರು ವಾರದ ಮನಿಆರ್ಡರನ್ನು ಊರಿನಲ್ಲಿ ಕಾಯುತ್ತಿದ್ದವರು ಇದ್ದರು. ಹದಿನೆಂಟು ಸಾವಿರದ ಲೆಕ್ಕದಲ್ಲಿ ಅದು ಸೇರಿಲ್ಲ.

ಗುಡ್ಡದ ಸೈಕಲಿನ ಚರಿತ್ರೆ ಓದಿದಾಗ ನಮಗೆ ಒಂದು ವಿನೋದ ಕಂಡಿತು. ಈ ಜಾತಿಯ ಸೈಕಲು ಹುಟ್ಟಿದ್ದೇ ಬಳಸಿದ ಸೈಕಲುಗಳಿಂದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಎಂಬ ಜಿಲ್ಲೆ. ಅಲ್ಲಿಯ ತರುಣರು 1970ರ ದಶಕದಲ್ಲಿ ಹಳೆಯ ದಪ್ಪ ಟಾಯರಿನ ಸೈಕಲುಗಳನ್ನು ಗುಡ್ಡದ ಮೇಲಕ್ಕೆ ಒಯ್ದು ಮಣ್ಣಿನ ಹಾದಿಯಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಪಂದ್ಯವೂ ಆರಂಭವಾಯಿತು. ಆ ಹಾದಿಗೆ 'ರಿಪ್ಯಾಕ್' ಎಂದು ಹೆಸರು. ಏಕೆಂದರೆ ಒಂದು ಸಾರಿ ಇಳಿಯುವುದರೊಳಗೆ ಹಿಂದಿನ ಗಾಲಿಯ ಬ್ರೇಕಿನೊಳಗಿನ ಗ್ರೀಸು ಕಾಯ್ದು ಹೊಗೆಯಾಗಿ ಹೋಗುತ್ತಿತ್ತು; ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. 1977ರಲ್ಲಿ ಜೋ ಬ್ರೀಜ್ ಎಂಬಾತ ಆ ಕೆಲಸಕ್ಕೆಂದೇ ಹೊಸ ಚೌಕಟ್ಟನ್ನು ಕಟ್ಟಿದ. ಪೆಡಲು ತುಳಿದಾಗ ನೆರವಾಗುವ ಮೋಟರಿನ ಸೈಕಲನ್ನು ಜಪಾನಿನ ಯಮಾಹಾ ಕಂಪನಿ 1993ರಲ್ಲಿ ಮಾರುಕಟ್ಟೆಗೆ ತಂದಿತು. ಗುಡ್ಡದವರು ಮೊದಲು ಕಲಿತ ಪಾಠ ಬ್ರೇಕಿನದು, ಏರಿಸುವ ಮೋಟರು ಬಂದದ್ದು ಬಹಳ ತಡವಾಗಿ. ಅಂಗಡಿಯವರು ಮಾತ್ರ ಈಗ ಏರಿನ ಮಾತನ್ನೇ ಆಡುತ್ತಾರೆ. ನಾವು ಹೇಳುವುದು: ಮೊದಲು ಇಳಿಜಾರು ನೋಡಿರಿ, ಆಮೇಲೆ ಬ್ಯಾಟರಿ, ಕೊನೆಗೆ ಮೋಟರು.

ಬ್ರೇಕಿನ ವಿಷಯ. ಮಳೆಗಾಲದ ಕೆಸರಿನಲ್ಲಿ ಗಾಲಿಯ ಅಂಚನ್ನು ಹಿಡಿಯುವ ರಬ್ಬರಿನ ಬ್ರೇಕು ಜಾರುತ್ತದೆ. ತಟ್ಟೆ, ಅಂದರೆ ಡಿಸ್ಕು, ಇರುವುದೇ ಬೇಕು. ತಂತಿಯಿಂದ ಎಳೆಯುವ ಡಿಸ್ಕು ಅಗ್ಗ, ನಾವೇ ಬಿಗಿ ಮಾಡಿಕೊಳ್ಳಬಹುದು. ಎಣ್ಣೆಯ ಒತ್ತಡದ ಡಿಸ್ಕು ಒಂದು ಬೆರಳಿಗೇ ಹಿಡಿಯುತ್ತದೆ, ಬೆಲೆ ಹೆಚ್ಚು. ತಂತಿಯದಾದರೂ ಚಿಂತೆಯಿಲ್ಲ, ಎರಡೂ ಗಾಲಿಗೆ ಇರಬೇಕು, ಪ್ಯಾಡಿನಲ್ಲಿ ಮಾಲು ಇರಬೇಕು. ಬಳಸಿದ್ದನ್ನು ಕೊಳ್ಳುವಾಗ ಟಾರ್ಚು ಹಾಕಿ ಇಣುಕಿ ನೋಡಿರಿ. ಮೋಟರೇ ಇಳಿಜಾರಿನಲ್ಲಿ ತಡೆದೀತೆಂದು ಕೆಲವರು ನಂಬಿದ್ದಾರೆ. ಹಬ್ಬಿನೊಳಗೆ ಗೇರು ಇರುವ ಸಾಮಾನ್ಯ ಮೋಟರು ಇಳಿಯುವಾಗ ಬಿಡಿಯಾಗಿ ತಿರುಗುತ್ತದೆ, ತಡೆಯುವುದಿಲ್ಲ.

ಇನ್ನು ಬ್ಯಾಟರಿ. ಇಲ್ಲಿ ಕಾರಕೂನನ ವಿದ್ಯೆ ಉಪಯೋಗಕ್ಕೆ ಬರುತ್ತದೆ. ಬ್ಯಾಟರಿಯ ಮೇಲೆ ಬರೆದ ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿರಿ: 36 ವೋಲ್ಟು, 10 ಆಂಪಿಯರ್-ಅವರ್ ಆದರೆ 360 ವಾಟ್-ಅವರ್. ಇದೇ ಅದರ ಬಂಡವಾಳ. ಈಗ ಖರ್ಚು. ಸವಾರ, ಸೈಕಲು, ಊಟದ ಡಬ್ಬಿ ಎಲ್ಲ ಸೇರಿ 100 ಕಿಲೋ, ಏರು 200 ಮೀಟರು ಎತ್ತರ ಎಂದು ಹಿಡಿಯಿರಿ. ನೂರನ್ನು 9.8ರಿಂದಲೂ 200ರಿಂದಲೂ ಗುಣಿಸಿ 3,600ರಿಂದ ಭಾಗಿಸಿದರೆ ಸುಮಾರು 54 ವಾಟ್-ಅವರ್. ಮೋಟರು ಕಾಯುವುದರಲ್ಲಿ ಪೋಲಾಗುವುದನ್ನು ಕೂಡಿಸಿದರೂ 75ರ ಆಸುಪಾಸು. ಕಾಲೂ ಕೆಲಸ ಮಾಡಿದರೆ ಇನ್ನೂ ಕಡಿಮೆ. ಎಂದರೆ ನಮ್ಮಂಥವರಿಗೆ ದೊಡ್ಡ ಬ್ಯಾಟರಿ ಬೇಡ. ಆರೋಗ್ಯವಾದ ಸಣ್ಣ ಬ್ಯಾಟರಿ ಸಾಕು. ಯೂರೋಪಿನಲ್ಲಿ ಕಾಡು ಗುಡ್ಡ ಸುತ್ತುವವರು 500ರಿಂದ 800 ವಾಟ್-ಅವರಿನವು ಇಡುತ್ತಾರೆ. ಅವರದು ವಿಹಾರ, ನಮ್ಮದು ಪಾಳಿ.

ಲಿಥಿಯಮ್ ಬ್ಯಾಟರಿ ಸಾಮಾನ್ಯವಾಗಿ ಐನೂರರಿಂದ ಸಾವಿರ ಸಾರಿ ಪೂರ್ತಿ ತುಂಬಿ ಖಾಲಿಯಾಗುವುದರೊಳಗೆ ತನ್ನ ಬಂಡವಾಳದಲ್ಲಿ ಐದನೆಯ ಒಂದು ಪಾಲನ್ನಾದರೂ ಕಳೆದುಕೊಳ್ಳುತ್ತದೆ. ಓಡಿಸದೆ ಬಿಸಿಲಿನಲ್ಲಿ ಪೂರ್ತಿ ತುಂಬಿಟ್ಟರೂ ಮುಪ್ಪು ಬರುತ್ತದೆ. ಆದ್ದರಿಂದ 'ಬಹಳ ಓಡಿಲ್ಲ' ಎಂಬ ಮಾತಿಗೆ ಮರುಳಾಗಬೇಡಿರಿ, ಬಿಲ್ಲಿನ ತಾರೀಖು ನೋಡಿರಿ. 36 ವೋಲ್ಟಿನದು ಪೂರ್ತಿ ತುಂಬಿದಾಗ ಮೀಟರಿನಲ್ಲಿ 42ರ ಹತ್ತಿರ ತೋರಿಸಬೇಕು. ಚಾರ್ಜರಿನಲ್ಲಿ ಹಸಿರು ದೀಪ ಬಂದಿದ್ದರೂ 40ಕ್ಕೇ ನಿಂತಿದ್ದರೆ ಒಳಗೆ ಯಾವುದೋ ಕೋಶ ಸೋತಿದೆ ಎಂದು ಅನುಮಾನಿಸಿರಿ. ಪೆಟ್ಟಿಗೆಯ ಮೊಳೆಗಳ ತಲೆ ಕೆರೆದಿದೆಯೇ ನೋಡಿರಿ. ಬಿಚ್ಚಿದ ಗುರುತು ಅದು. ಇನ್ನೊಂದು ಮಾತು: ಆ ಮಾದರಿಯ ಬ್ಯಾಟರಿ ಈಗಲೂ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಅಂಗಡಿಯಲ್ಲಿ ವಿಚಾರಿಸಿರಿ. ಪೆಟ್ಟಿಗೆಯ ಆಕಾರವೂ ಪಿನ್ನೂ ಕಂಪನಿಗೊಂದು ಬಗೆ. ಕಂಪನಿ ಅಂಗಡಿ ಮುಚ್ಚಿತೆಂದರೆ ಸೈಕಲು ಉಳಿದೂ ಉಳಿಯದಂತೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇವೆ. ಒಂದೊಂದು ಖೋಲಿಯಲ್ಲಿ ಎಂಟು ಹತ್ತು ಜನ ಮಲಗುವವರು ನಾವು. ನ್ಯೂಯಾರ್ಕ್ ನಗರದಲ್ಲಿ 2023ರ ಒಂದೇ ವರ್ಷ ಇಂಥ ಲಿಥಿಯಮ್ ಬ್ಯಾಟರಿಗಳ ಬೆಂಕಿಯಿಂದ 18 ಜನ ಸತ್ತರು. ಅಲ್ಲಿ ಈ ಸೈಕಲುಗಳನ್ನೇ ನಂಬಿ ಮನೆಮನೆಗೆ ಊಟ ಮುಟ್ಟಿಸುವವರಲ್ಲಿ ಹೆಚ್ಚಿನವರು ಬೇರೆ ದೇಶದಿಂದ ಬಂದು ಇಕ್ಕಟ್ಟಾದ ಕೋಣೆಗಳಲ್ಲಿ ಇರುವ ಕೆಲಸಗಾರರು, ನಮ್ಮ ಹಾಗೆಯೇ. ಅದೇ ವರ್ಷ ಪರೀಕ್ಷೆಯ ಪ್ರಮಾಣಪತ್ರವಿಲ್ಲದ ಸೈಕಲನ್ನೂ ಬ್ಯಾಟರಿಯನ್ನೂ ಮಾರಬಾರದೆಂದು ಆ ನಗರ ಕಾನೂನು ಮಾಡಿತು. ಆದ್ದರಿಂದ ಮರುತುಂಬಿದ ಬ್ಯಾಟರಿ ಎಷ್ಟೇ ಅಗ್ಗವಾಗಲಿ ಬೇಡ. ಚಾರ್ಜರು ಅದರದೇ ಇರಲಿ. ಬಾಗಿಲ ಬಳಿ, ಮಂಚದ ಕೆಳಗೆ, ಹಾಸಿಗೆಯ ಮೇಲೆ ಚಾರ್ಜಿಗೆ ಇಡಬೇಡಿರಿ. ಎಲ್ಲರೂ ಮಲಗಿದ ಮೇಲಂತೂ ಕೂಡದು. ನಮ್ಮ ಮೂರು ಬಣ್ಣದ ಬ್ಯಾಟರಿ ಎರಡು ವಾರ ಬಾಗಿಲ ಬಳಿಯೇ ರಾತ್ರಿಯಿಡೀ ಚಾರ್ಜಾಗುತ್ತಿತ್ತು. ಒಳಗೆ ಒಂಬತ್ತು ಜನ ಮಲಗಿದ್ದೆವು. ಈಗ ನೆನೆದರೆ ಮೈ ನಡುಗುತ್ತದೆ.

ಮೋಟರಿನ ಮಾತು ಬೇಗ ಮುಗಿಸುತ್ತೇವೆ. ಹಿಂದಿನ ಗಾಲಿಯ ಹಬ್ಬಿನಲ್ಲಿ ಇರುವುದು ಅಗ್ಗ; ಇಲ್ಲಿ ಸಿಗುವವು ಬಹುಪಾಲು ಅವೇ. ಪೆಡಲಿನ ಅಚ್ಚಿನ ಬಳಿ ಇರುವುದು ಸೈಕಲಿನ ಗೇರುಗಳ ಮೂಲಕ ಎಳೆಯುವುದರಿಂದ ಕಡಿದಾದ ಏರಿಗೆ ನಿಜವಾಗಿ ಶ್ರೇಷ್ಠ, ಆದರೆ ಒಳ್ಳೆಯದು ಲಕ್ಷದ ಮಾತು. ಹಬ್ಬಿನದನ್ನು ಕೊಂಡವರು ಏರಿನಲ್ಲಿ ಮೊದಲೇ ಸಣ್ಣ ಗೇರಿಗೆ ಇಳಿದು ಕಾಲು ಆಡಿಸುತ್ತಿರಬೇಕು; ವೇಗ ತೀರ ತಗ್ಗಿದರೆ ಆ ಮೋಟರು ಎಳೆಯುವುದಕ್ಕಿಂತ ಕಾಯುವುದೇ ಹೆಚ್ಚು. ಗೇರೇ ಇಲ್ಲದ ಸೈಕಲಿಗೆ ಗುಡ್ಡದ ಹೆಸರಿಟ್ಟು ಮಾರುತ್ತಾರೆ. ಅದು ಬೇಡ. ಅಗ್ಗದ ಸ್ಪ್ರಿಂಗು ಫೋರ್ಕಿನಿಂದ ಭಾರವೇ ಹೊರತು ಲಾಭ ಅಲ್ಪ. ಎರಡು ಇಂಚಿನ ಅಗಲದ ಟಾಯರು ಗುಂಡಿಗೆ ಸಾಕು. ಸೈಕಲಿನ ನಡುವೆ ನೆಲಕ್ಕೆ ಕಾಲೂರಿ ನಿಂತಾಗ ಮೇಲಿನ ಕೊಳವೆಗೂ ನಮಗೂ ನಡುವೆ ಎರಡಿಂಚು ಜಾಗ ಇರಬೇಕು. ಬಹಳ ಮಾದರಿಗಳು ಒಂದೇ ಅಳತೆಯಲ್ಲಿ ಬರುತ್ತವೆ, ನಮ್ಮಲ್ಲಿ ಕುಳ್ಳರು ಹೆಚ್ಚು.

ಕಾನೂನು ತಿಳಿದಿರಲಿ: ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಮೋಟರಿನ ಶಕ್ತಿ 250 ವಾಟಿನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದು, ಮಾದರಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರೆ ಅದು ಮೋಟಾರು ವಾಹನವಲ್ಲ, ನೋಂದಣಿಯೂ ಲೈಸೆನ್ಸೂ ಬೇಡ. 'ತಂತಿ ಕಡಿದು ಕೊಡುತ್ತೇವೆ, ನಲವತ್ತು ಓಡುತ್ತದೆ' ಎನ್ನುವವರಿದ್ದಾರೆ. ಕಡಿಸಿದ ಕ್ಷಣದಿಂದ ಆ ರಿಯಾಯಿತಿ ಹೋಯಿತು. ಅಪಘಾತವಾದರೆ ವಿಮೆಯಿಲ್ಲದ ಮೋಟಾರು ವಾಹನ ಓಡಿಸಿದ ತಪ್ಪು ನಮ್ಮ ತಲೆಗೆ.

ಹೊಸದೋ ಹಳೆಯದೋ ಎಂಬುದು ಕೊನೆಗೆ ಖಾತೆಯ ಪ್ರಶ್ನೆ. ನಮ್ಮದೇ ಲೆಕ್ಕ ಓದುತ್ತೇವೆ. ಸೈಕಲು 18,000, ಹೊಸ ಬ್ಯಾಟರಿ 14,500, ಬ್ರೇಕು, ಚೈನು, ಹಿಂದಿನ ಹಲ್ಲುಚಕ್ರ 2,600. ಒಟ್ಟು 35,100. ಆಗ ಅದೇ ಬಗೆಯ ಹೊಸ ಸೈಕಲು 42,000ಕ್ಕೆ ಸಿಗುತ್ತಿತ್ತು, ಗ್ಯಾರಂಟಿ ಸಹಿತ. ಉಳಿದದ್ದು 6,900 ರೂಪಾಯಿ. ನಾಲ್ವರಿಗೆ ಹಂಚಿದರೆ ತಲೆಗೆ 1,725. ಅದಕ್ಕಾಗಿ ಒಂದು ಮಣಿಕಟ್ಟು.

ಹಾಗೆಂದು ಬಳಸಿದ್ದನ್ನು ಮುಟ್ಟಲೇಬಾರದೆಂದು ನಮ್ಮ ಮತವಲ್ಲ. ಬಿಲ್ಲು ಇದ್ದು, ಅದರಲ್ಲಿಯ ನಂಬರೂ ಚೌಕಟ್ಟಿನ ಮೇಲಿನ ನಂಬರೂ ಕೂಡಿ, ಎರಡು ವರ್ಷದೊಳಗಿನದಾಗಿ, ಮೂಲ ಬ್ಯಾಟರಿಯೇ ಇದ್ದು, ಏರಿನಲ್ಲಿಯೂ ಇಳಿಜಾರಿನಲ್ಲಿಯೂ ನಾವೇ ಓಡಿಸಿ ನೋಡಿ ಸರಿಕಂಡರೆ ಕೊಳ್ಳಿರಿ. ಬೆಲೆ ಮಾತನಾಡುವಾಗ ಹೊಸ ಬ್ಯಾಟರಿಯ ಬೆಲೆಯನ್ನು ಹೊಸ ಸೈಕಲಿನ ಬೆಲೆಯಿಂದ ಮೊದಲೇ ಕಳೆದು, ಉಳಿದದ್ದರ ಮೇಲೆ ಚೌಕಾಶಿ ಆರಂಭಿಸಿರಿ. ಈ ಕರಾರುಗಳಲ್ಲಿ ಒಂದು ತಪ್ಪಿದರೂ ಇನ್ನು ನಾಲ್ಕು ತಿಂಗಳು ರಿಕ್ಷಾದಲ್ಲಿ ಹೋಗಿ, ಕೂಡಿಸಿ, ಹೊಸದನ್ನೇ ತರುವುದು ಲೇಸು. ಹಿಂದಿನ ಬೆಂಚಿನ ಗೆಳೆಯರು ಈಗ ಹಾಗೆಯೇ ಕೂಡಿಸುತ್ತಿದ್ದಾರೆ.

ಚೈನಿನ ಪರೀಕ್ಷೆಗೆ ಯಂತ್ರ ಬೇಡ, ಆಫೀಸಿನ ಉಕ್ಕಿನ ಅಳತೆಪಟ್ಟಿ ಸಾಕು. ಒಂದು ಪಿನ್ನಿನ ನಡುವಿನಿಂದ ಇಪ್ಪತ್ತನಾಲ್ಕನೆಯ ಕೊಂಡಿಯ ಪಿನ್ನಿನವರೆಗೆ ಸರಿಯಾಗಿ ಹನ್ನೆರಡು ಇಂಚು ಇರಬೇಕು. ಒಂದು ಇಂಚಿನ ಹದಿನಾರನೆಯ ಭಾಗ ಹೆಚ್ಚಿದ್ದರೆ ಚೈನು ಸವೆದಿದೆ. ಎಂಟನೆಯ ಭಾಗ ಹೆಚ್ಚಿದ್ದರೆ ಹಲ್ಲುಚಕ್ರವೂ ಹೋಗಿದೆ, ಅಷ್ಟು ಬೆಲೆ ಇಳಿಸಿರಿ. ಅಂಥ ಒಂದು ಪಟ್ಟಿಯನ್ನೂ ವೋಲ್ಟು ನೋಡುವ ಮೀಟರನ್ನೂ ವಾಚನಾಲಯದ ಮೇಜಿನ ಎಡಗಡೆಯ ಖಾನೆಯಲ್ಲಿ ಇಟ್ಟಿದ್ದೇವೆ. ಒಯ್ಯುವವರು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬೇಕು, ಎರಡು ದಿನದಲ್ಲಿ ತಂದಿಡಬೇಕು. ರವಿವಾರ ಮಧ್ಯಾಹ್ನ ಯಾರಾದರೂ ಸೈಕಲು ನೋಡಲು ಹೋಗುವುದಿದ್ದರೆ ನಮ್ಮಲ್ಲೊಬ್ಬರು ಜೊತೆಗೆ ಬರುತ್ತೇವೆ. ಚಹಾದ ಖರ್ಚು ಕೊಳ್ಳುವವರದು.