ಕರೆಂಟಿಲ್ಲದ ಬದುಕು ಯಾರಿಗೆ ಚಂದ?

ಊರಲ್ಲಿ ತೋಟ ಮಾಡಿ ಕರೆಂಟಿನ ಹಂಗಿಲ್ಲದೆ ಇರುತ್ತೇವೆ ಅನ್ನುವ ಮಕ್ಕಳು ಈಗ ನಮ್ಮ ಮನೆಗಳಲ್ಲೂ ಇದ್ದಾರೆ. ಸಂತೋಷವೇ. ಆದರೆ ಗೇಟ್‌ವೇಯಿಂದ ಲಾಂಚ್‌ನಲ್ಲಿ ಹೋಗುವ ಎಲಿಫೆಂಟಾ, ಅಂದರೆ ಘಾರಾಪುರಿಯನ್ನು ಒಮ್ಮೆ ನೆನೆಯಿರಿ. ಗುಹೆ ನೋಡಿ ಮರಳುವ ನಾವು ಅಲ್ಲಿನ ಮೂರು ಹಳ್ಳಿಗಳತ್ತ ತಿರುಗುವುದಿಲ್ಲ. 2018ರ ಫೆಬ್ರವರಿಯಲ್ಲಿ ಸಮುದ್ರದಡಿ 7.5 ಕಿ.ಮೀ. ಕೇಬಲ್ ಎಳೆದು ವಿದ್ಯುತ್ ಕೊಡುವವರೆಗೆ ಅವರಿಗಿದ್ದದ್ದು ಸಂಜೆಯ ಕೆಲವೇ ಗಂಟೆ ಜನರೇಟರ್. ಎದುರಿಗೆ ಮುಂಬಯಿ ರಾತ್ರಿಯಿಡೀ ಝಗಝಗ! ಅಷ್ಟು ಕರೆಂಟಿಗೆ ಫ್ರಿಜ್ಜಿನಲ್ಲಿ ಮೀನು ಉಳಿದೀತೇ? ಬೆಳಗಿನ ತಿಂಡಿಗೆ ಮಿಕ್ಸಿ ತಿರುಗೀತೇ? ಅದು ಅವರು ಬೇಕೆಂದು ಆರಿಸಿಕೊಂಡ ಕತ್ತಲಲ್ಲ.

ನಮ್ಮ ಮಕ್ಕಳು ಸೋಲಾರ್ ಹಾಕಲಿ. ಆದರೆ ಮಳೆಗಾಲದಲ್ಲಿ ಮೋಡ ಕವಿದು ಬ್ಯಾಟರಿ ತುಂಬದ ದಿನ ರುಬ್ಬುವ ಕಲ್ಲಿನ ಮುಂದೆ ಕೂರುವವರು ಯಾರು, ಬಾವಿಯಿಂದ ನೀರು ಸೇದುವವರು ಯಾರು? ಜಾಗ ಕೊಳ್ಳುವ ಮೊದಲೇ ಕೇಳಿ. ಸೊಸೆಯನ್ನಷ್ಟೇ ಅಲ್ಲ, ಮಗನನ್ನೂ ಕೇಳಿ.